ಶನಿವಾರ ಫಿನ್‌ಲ್ಯಾಂಡಿನ ಟಾಂಪೆರೆಯಲ್ಲಿ ಏನೇನು ನೋಡೋಣ

ಎಲ್ಲರಿಗೂ ನಮಸ್ಕಾರ. ಹೆಲ್ಸಿಂಕಿಯಿಂದ ಬೆಳಗಿನ ರೈಲಿಗೇ ಹೊರಡೋಣ, ನಮಗೆ ಸಿಗುವುದು ಒಂದೇ ದಿನ.

ಮೊದಲು ಪ್ಯೂನಿಕ್ಕಿ ಗುಡ್ಡ. 1929ರ ಗೋಪುರ ಹತ್ತಿದರೆ ಊರಿನ ಎರಡೂ ಸರೋವರ ಕಾಣುತ್ತವೆ. ಅವುಗಳ ಮಟ್ಟಕ್ಕೆ 18 ಮೀಟರ್ ವ್ಯತ್ಯಾಸ. ಮಧ್ಯೆ ಧುಮುಕುವ ಹೊಳೆಯ ಬಲದಿಂದಲೇ ಇಲ್ಲಿನ ಬಟ್ಟೆ ಗಿರಣಿಗಳು ಬೆಳೆದದ್ದು. ಗೋಪುರದ ಕೆಳಗಿನ ಕೆಫೆಯಲ್ಲಿ ಡೋನಟ್ ತಿನ್ನದೆ ಬರಬೇಡಿ!

ಕೆಥೆಡ್ರಲ್‌ಗೆ ಜಾಸ್ತಿ ಹೊತ್ತು ಇಡೋಣ. ಹ್ಯೂಗೋ ಸಿಂಬೆರ್ಗ್ ಬರೆದ ಗೋಡೆ ಚಿತ್ರಗಳಿವೆ. ಗಾಯಗೊಂಡ ದೇವದೂತೆಯನ್ನು ಇಬ್ಬರು ಹುಡುಗರು ಹೊತ್ತು ನಡೆಯುವ ಚಿತ್ರದ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ಮಕ್ಕಳಿಗೆ ಮೂಮಿನ್ ಅನ್ನೋ ಮಕ್ಕಳ ಕಥೆಗಳ ಪಾತ್ರಗಳ ಮ್ಯೂಸಿಯಂ ಇದೆ.

ಸಂಜೆ ರಾಯಪೋರ್ಟ್ಟಿ ಸೌನಾ (ಬಿಸಿ ಹಬೆಯ ಸ್ನಾನದ ಮನೆ), 1906ರದ್ದು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ಟವೆಲ್ ಮರೆಯಬೇಡಿ. ಬರುವವರು ಗುರುವಾರದೊಳಗೆ ಇಲ್ಲೇ ತಿಳಿಸಿ.