ಆ ಒಂದು ಸಾಲಿಗೆ ಉತ್ತರ

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ಅಣ್ಣ ಫೋನಿನಲ್ಲಿ ಹೇಳಿಯೇ ಇರುತ್ತಾನೆ, ಬಿಡು. ನಿನ್ನ ಕಾಗದದ ಕೊನೆಯ ಸಾಲು ಓದಿದ ಮೇಲೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. "ಈ ಬ್ಯಾಕ್ಟೀರಿಯಾವನ್ನು ಎದುರಿಸುವ ತಾಕತ್ತೇ ನನ್ನ ದೇಹಕ್ಕಿಲ್ಲವೇನೋ ಅತ್ತೆ" ಅಂದಿದ್ದೀಯಲ್ಲ, ಆ ಸಾಲು.

ಇದೆ ಕಣೋ. ನಿನ್ನ ಬಯಾಪ್ಸಿ ರಿಪೋರ್ಟು ಹೇಳುತ್ತಿರುವುದೇ ಅದನ್ನು. ಮೂವತ್ತು ವರ್ಷ ಲ್ಯಾಬಿನಲ್ಲಿ ಇಂಥ ಸ್ಲೈಡುಗಳಿಗೆ ಬಣ್ಣ ಹಾಕಿದವಳು ನಾನು. ಗೀಮ್ಸಾ ಬಣ್ಣ ಹಾಕಿ ನೋಡಿದರೆ ಜಠರದ ಲೋಳೆಯಲ್ಲಿ ನಿನ್ನ ಈ ಬ್ಯಾಕ್ಟೀರಿಯಾ, ಅಂದರೆ ಹೆಲಿಕೋಬ್ಯಾಕ್ಟರ್ ಪೈಲೋರಿ, ನೀಲಿ ಬಣ್ಣದ ಪುಟ್ಟ ಪುಟ್ಟ ಕೊಂಕುಗಳ ಹಾಗೆ ಕಾಣುತ್ತದೆ. ಅದರ ಕೆಳಗೇ, ಗ್ರಂಥಿಗಳ ಕುತ್ತಿಗೆಯಲ್ಲಿ, ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಕಿಕ್ಕಿರಿದಿರುತ್ತವೆ. ರಿಪೋರ್ಟಿನಲ್ಲಿ 'ಆಕ್ಟಿವ್' ಅಂತ ಬರೆದಿದ್ದಾರಲ್ಲ, ಅದರರ್ಥ ಇಷ್ಟೇ: ಅವು ಬಂದಿವೆ, ಕಾದಾಡುತ್ತಿವೆ.

ನಿನ್ನ ತಾತನ ಆಪರೇಷನ್ ಕಥೆ ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. 1978ರಲ್ಲಿ ಅಪ್ಪನ ಹುಣ್ಣಿಗೆ ಹೊಟ್ಟೆ ಕೊಯ್ದಾಗ ಡಾಕ್ಟರಿಂದ ಹಿಡಿದು ನೆಂಟರವರೆಗೆ ಎಲ್ಲರೂ ಅಂದದ್ದು ಒಂದೇ, ನಿಮ್ಮ ಸಿಟ್ಟಿನಿಂದ, ಚಿಂತೆಯಿಂದ ಬಂದದ್ದು ಅಂತ. ನಾನೂ ಅಂದೆ. ಅಪ್ಪ ಮಜ್ಜಿಗೆ ಅನ್ನದ ತಟ್ಟೆ ಮುಂದಿಟ್ಟುಕೊಂಡು "ನನ್ನ ಹೊಟ್ಟೆ ನಾನೇ ಸುಟ್ಟುಕೊಂಡೆ ಕಣಮ್ಮ" ಅಂದರು. ನಾನು ಅಲ್ಲ ಅನ್ನಲಿಲ್ಲ. ಮರುವರ್ಷವೇ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಜಠರದ ತುಣುಕಿನಲ್ಲಿ ಈ ಜೀವಿಯನ್ನು ಕಂಡರು. ಅದು ನನ್ನ ಕಿವಿಗೆ ಬೀಳುವಷ್ಟರಲ್ಲಿ ಅಪ್ಪ ಇರಲಿಲ್ಲ. ಈಗ ನೀನೂ ನಿನ್ನ ದೇಹವನ್ನೇ ದೂರುತ್ತಿದ್ದೀಯ. ಅದಕ್ಕೇ ನಿದ್ದೆ ಹತ್ತಲಿಲ್ಲ.

ಆ ವಾರೆನ್ ಜೊತೆಗಿದ್ದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದರು. ಮೂವತ್ತೆರಡರ ಗಟ್ಟಿಮುಟ್ಟು ಆಳು. ಹತ್ತು ದಿನದೊಳಗೆ ವಾಂತಿಯೂ ಆಯಿತು, ಜಠರವೂ ಉರಿಯೂತದಿಂದ ಕೆಂಪೇರಿತು. ಅವರ ಮೈಯಲ್ಲಿ ತಾಕತ್ತು ಇರಲಿಲ್ಲವೇ? (2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪೇಪರಿನಲ್ಲಿ ಓದಿ ಅಪ್ಪನ ಫೋಟೋ ಮುಂದೆ ಸುಮಾರು ಹೊತ್ತು ಕೂತಿದ್ದೆ.)

ಮತ್ತೆ ಯಾಕೆ ಹೋಗುವುದಿಲ್ಲ ಅನ್ನುತ್ತೀಯ. ಈ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿರುವ ಯೂರಿಯಾ ಒಡೆದು ತನ್ನ ಸುತ್ತ ಅಮೋನಿಯಾ ಮಾಡಿಕೊಂಡು ಆಮ್ಲದಿಂದ ಪಾರಾಗುತ್ತದೆ, ಈಜಿಕೊಂಡು ಲೋಳೆಯೊಳಗೆ ಸೇರುತ್ತದೆ. ಒಳಪದರದ ಕೋಶಗಳಿಗೆ ಸುಳಿವು ಸಿಕ್ಕ ಕೂಡಲೇ ಇಂಟರ್‌ಲ್ಯೂಕಿನ್-8 ಅನ್ನುವ ರಾಸಾಯನಿಕ ಬಿಟ್ಟು ಬಿಳಿ ಕಣಗಳನ್ನು ಕರೆಯುತ್ತವೆ. ಆಮೇಲೆ ಟಿ ಕೋಶ ಅನ್ನುವ ಇನ್ನೊಂದು ಬಗೆಯ ಬಿಳಿ ಕಣಗಳು ಬರುತ್ತವೆ, ರೋಗಾಣುವಿಗೆ ಅಂಟಿಕೊಳ್ಳುವ ಪ್ರತಿಕಾಯಗಳು ಹುಟ್ಟುತ್ತವೆ. ಆದರೆ ಬ್ಯಾಕ್ಟೀರಿಯಾ ಬಹುಪಾಲು ಇರುವುದು ಮೇಲಿನ ಲೋಳೆಯಲ್ಲಿ, ಪಡೆ ಸೇರುವುದು ಕೆಳಗಿನ ಗೋಡೆಯಲ್ಲಿ. ಪೆಟ್ಟು ಗೋಡೆಗೇ ಬೀಳುತ್ತದೆ. ಸಾಲದ್ದಕ್ಕೆ, ಉರಿಯೂತಕ್ಕೆ ಕಡಿವಾಣ ಹಾಕುವ ಟಿ ಕೋಶಗಳನ್ನೂ ಬ್ಯಾಕ್ಟೀರಿಯಾ ಎಬ್ಬಿಸುತ್ತದೆ, ಹಾಗಾಗಿ ಕಾಳಗ ಮುಗಿಯುವುದೇ ಇಲ್ಲ. ಜಗತ್ತಿನ ಹೆಚ್ಚುಕಡಿಮೆ ಅರ್ಧ ಜನರ ಹೊಟ್ಟೆಯಲ್ಲಿ ಇದೇ ನಡೆದಿದೆ, ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ವರ್ಷಗಟ್ಟಲೆ ಬಿಟ್ಟರೆ ಕೆಲವರಿಗೆ ಹುಣ್ಣು, ಬಹಳ ಕಡಿಮೆ ಜನಕ್ಕೆ ಕ್ಯಾನ್ಸರ್. ಮಾತ್ರೆ ಕೊಟ್ಟಿರುವುದು ಅದಕ್ಕೆ, ನೀನು ದುರ್ಬಲ ಅಂತಲ್ಲ.

ನಾನು ಡಾಕ್ಟರಲ್ಲ, ಅವರು ಹೇಳಿದ್ದನ್ನೇ ಕೇಳು. ಆದರೂ ಮನಸ್ಸು ತಡೆಯದು. ಹದಿನಾಲ್ಕು ದಿನದ ಕೋರ್ಸು ಅಂದಿದ್ದೀಯ, ಬಾಯಿ ಕಹಿಯಾಯಿತು ಅಂತ ನಡುವೆ ಬಿಡಬೇಡ. ಮುಗಿದು ನಾಲ್ಕು ವಾರವಾದ ಮೇಲೆ, ಬ್ಯಾಕ್ಟೀರಿಯಾ ಹೋಯಿತೇ ಅಂತ ನೋಡುವ ಉಸಿರಿನ ಪರೀಕ್ಷೆ ಮಾಡಿಸುವುದನ್ನು ಅವರ ಹತ್ತಿರ ಕೇಳು. ಅದಕ್ಕೆ ಮುಂಚೆ ಎರಡು ವಾರ ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಅದನ್ನೂ ಕೇಳಿಕೋ. ರಕ್ತಪರೀಕ್ಷೆ ಸಾಲದು. ಬ್ಯಾಕ್ಟೀರಿಯಾ ಸತ್ತ ಮೇಲೂ ಪ್ರತಿಕಾಯ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿದಿರುತ್ತದೆ, ಅದನ್ನು ನೋಡಿ ನೀನು ಮತ್ತೆ ಇಂಥದೇ ಸಾಲು ಬರೆದೀಯ.

ರಿಪೋರ್ಟಿನ ಫೋಟೋ ಇನ್ನೊಂದು ಸಲ ಕಳಿಸು. ಎರಡನೇ ಪುಟ ಮಸುಕಾಗಿದೆ, ನನ್ನ ಕಣ್ಣಿಗೆ ಕಾಣುತ್ತಿಲ್ಲ.

ನಿನ್ನ ಅತ್ತೆ