ಪಂಚರತ್ನ ನೇರಪ್ರಸಾರ: ಎಲ್ಲರೂ ಬನ್ನಿ

ಎಲ್ಲರಿಗೂ ನಮಸ್ಕಾರ. ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಿಂದ ದೂರದರ್ಶನದಲ್ಲಿ ಬರುವ ತ್ಯಾಗರಾಜರ ಪಂಚರತ್ನ (ಐದು ರಾಗಗಳ ಐದು ಕೃತಿಗಳು) ಗೋಷ್ಠಿಗಾಯನವನ್ನು ಈ ಸಲವೂ ಹಾಸನದ ಕೆ.ಆರ್. ಪುರಂನ ನಮ್ಮ ಮನೆಯಲ್ಲಿ ಒಟ್ಟಿಗೆ ನೋಡೋಣ. ಬೆಳಿಗ್ಗೆ 8.30ರೊಳಗೆ ಬಂದುಬಿಡಿ. ನಾಟ ರಾಗದ ಮೊದಲ ಕೃತಿ ತಪ್ಪಬಾರದು. ಆಮೇಲೆ ಗೌಳ, ಆರಭಿ, ವರಾಳಿ, ಶ್ರೀ.

ಹಿಂದೆ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿ ನೋಡುತ್ತಿದ್ದೆವು. ಈಗ ಮೊಬೈಲಿನಲ್ಲೇ ಸಿಗುತ್ತದೆ, ನಿಜ. ಆದರೆ ಈಗಿನ ಎಷ್ಟೋ ಸಂಗೀತ ಕಾರ್ಯಕ್ರಮಗಳು ಮೊದಲೇ ಚಿತ್ರೀಕರಿಸಿ, ತಿದ್ದಿ ತೋರಿಸುವಂಥವು. ಅಷ್ಟು ಕಂಠಗಳು ಆ ಕ್ಷಣದಲ್ಲೇ ಒಂದಾಗುವುದನ್ನು ಮಕ್ಕಳು ಕೇಳಲೇಬೇಕು.

ಸಂಗೀತ ಕಲಿಯುವ ಮಕ್ಕಳು ಸಾಹಿತ್ಯದ ಪುಸ್ತಕ ತರಲಿ. ಫೋನ್ ಸೈಲೆಂಟ್ ಇರಲಿ. ಕರೆಂಟ್ ಹೋದರೆ ಬೇಕಾಗುತ್ತದೆ, ಯಾರ ಬಳಿಯಾದರೂ ಯುಪಿಎಸ್ ಇದ್ದರೆ ತಿಳಿಸಿ. ತಿಂಡಿ ನಮ್ಮಲ್ಲೇ, ಎಷ್ಟು ಜನ ಬರುತ್ತೀರೆಂದು ಹಿಂದಿನ ದಿನ ಸಂಜೆಯೊಳಗೆ ಇಲ್ಲೇ ಬರೆಯಿರಿ.