ದಾರಿ ತೋರಿಸಿದವರಿಗೆ, ಶಿಡ್ಲಘಟ್ಟದಿಂದ

ಈ ಜೂನ್‌ನಲ್ಲಿ ನಮ್ಮ ಮಗ ಒಂದನೇ ತರಗತಿಗೆ ಸೇರಿದ. ಸಮವಸ್ತ್ರದ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತಾನೆ. ಕೊರಳ ಹತ್ತಿರದ್ದೊಂದು ಮಾತ್ರ ಇನ್ನೂ ಸತಾಯಿಸುತ್ತದೆ. ಬೇರೆ ಮನೆಗಳಲ್ಲಿ ಇದು ಸುದ್ದಿಯೇ ಅಲ್ಲ. ನಮ್ಮಲ್ಲಿ ಅತ್ತೆ ಪಾಯಸ ಮಾಡಿದರು. ಪಾಯಸ ತಲುಪಿಸಲಾಗದವರಿಗೆ ಈ ಬರಹ.

ಮೊದಲು ನಮ್ಮೂರಿನ ಅಂಗನವಾಡಿ ಕಾರ್ಯಕರ್ತೆಗೆ. ಮಗನಿಗೆ ಮೂರು ತುಂಬಿದರೂ ಮಾತು ಕೂಡಿ ಬಂದಿರಲಿಲ್ಲ. ಕಲಸಿದ ಅನ್ನ ಕೈಗೆ ತಾಗಿದರೆ ಕೊಡವಿಕೊಳ್ಳುತ್ತಿದ್ದ, ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದ. ಗಂಡುಮಕ್ಕಳಿಗೆ ಎಲ್ಲವೂ ತಡ ಎಂದು ಸಮಾಧಾನ ಹೇಳಿದವರಿಗೆ ಲೆಕ್ಕವಿಲ್ಲ. ಈಕೆ ಸಮಾಧಾನ ಹೇಳಲಿಲ್ಲ. "ಆರ್‌ಬಿಎಸ್‌ಕೆ ಡಾಕ್ಟರು ಬರುವ ದಿನ ತಪ್ಪಿಸಬೇಡಿ ಅಕ್ಕಾ" ಎಂದರು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅದು. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು, ಬೆಳವಣಿಗೆಯಲ್ಲಿನ ವಿಳಂಬವನ್ನೂ ಗುರುತಿಸಬೇಕು. ಚೀಟಿ ಬರೆದುಕೊಟ್ಟ ಆ ವೈದ್ಯೆಗೆ, ಚಿಕ್ಕಬಳ್ಳಾಪುರದಿಂದ ನಿಮ್ಹಾನ್ಸ್‌ಗೆ ಕಳುಹಿಸಿದವರಿಗೆ, ಆಟಿಸಂ ಎಂದು ಹೇಳಿದ ಮೇಲೆ ನಮ್ಮ ಪ್ರಶ್ನೆಗಳು ಮುಗಿಯುವವರೆಗೂ ಗಡಿಯಾರ ನೋಡದ ವೈದ್ಯರಿಗೆ ನಮಸ್ಕಾರ.

ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ, ಮಾಡಿಸಿ ಎಂದು ಕಾಗದದಲ್ಲಿತ್ತು. ಎಲ್ಲಿ ಎಂದು ಇರಲಿಲ್ಲ. ಕೇಳಿದಲ್ಲೆಲ್ಲ ಫಿಸಿಯೋಥೆರಪಿಯ ವಿಳಾಸ ಕೊಡುತ್ತಿದ್ದರು. ಓಡುವುದರಲ್ಲಿ ನಮ್ಮವನಿಗೆ ಯಾವ ಕೊರತೆಯೂ ಇಲ್ಲ, ಅವನನ್ನು ಹಿಡಿಯುವುದೇ ಕಷ್ಟ. ಅವನಿಗೆ ಬೇಕಿದ್ದದ್ದು ಉಣ್ಣುವುದು, ಉಡುವುದು, ಪೆನ್ಸಿಲ್ ಹಿಡಿಯುವುದು, ಸದ್ದಿನ ನಡುವೆ ಕೂರುವುದು. ದೇವನಹಳ್ಳಿಯಲ್ಲಿ ಈ ಥೆರಪಿ ಮಾಡುವ ಮೇಡಂ ಒಬ್ಬರಿದ್ದಾರೆ ಎಂದು ತಿಳಿಸಿದ್ದು ವಾಟ್ಸ್ಆ್ಯಪ್ ಗುಂಪಿನ ಒಬ್ಬ ತಾಯಿ. ಅವರ ಮುಖವನ್ನೂ ನಾನು ನೋಡಿಲ್ಲ.

ಅಲ್ಲಿ ಮೊದಮೊದಲು ಬರೀ ಉಯ್ಯಾಲೆ, ದೊಡ್ಡ ಚೆಂಡು. "ಉಯ್ಯಾಲೆ ಆಡಿಸುವುದಕ್ಕೆ ಇಷ್ಟು ದೂರ ಬರಬೇಕೇ ಮೇಡಂ?" ಎಂದು ನಮ್ಮ ಯಜಮಾನರು ಕೇಳಿಯೇಬಿಟ್ಟರು. ಮೇಡಂ ಬೇಸರಿಸಲಿಲ್ಲ. ದೇಹದ ಸಮತೋಲವನ್ನು ಗ್ರಹಿಸುವ ಒಳಕಿವಿ, ಕೈಕಾಲು ಎಲ್ಲಿದೆ ಎಂದು ತಿಳಿಸುವ ಕೀಲು ಮತ್ತು ಸ್ನಾಯುಗಳು, ಇವುಗಳ ಸಂದೇಶ ಮಗುವಿಗೆ ಸರಿಯಾಗಿ ಕೂಡಿಬರದಿದ್ದರೆ ಅದು ಒಂದೆಡೆ ಕೂರುವುದೇ ಕಷ್ಟ, ಬೆರಳಿನ ಕೆಲಸ ಆಮೇಲಿನ ಮಾತು ಎಂದು ವಿವರಿಸಿದರು. ನಂತರ ಹಿಟ್ಟು ನಾದುವುದು, ಬಟ್ಟೆಯ ಕ್ಲಿಪ್ ಒತ್ತುವುದು ಬಂದವು. ಒಂದು ದಿನ, ಮನೆಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ರೇಷ್ಮೆ ಎಂದೆ. "ಹಾಗಾದರೆ ಅವನನ್ನು ಜೊತೆಗೆ ಕೂಡಿಸಿಕೊಂಡು ಗೂಡು ಬಿಡಿಸಿ" ಎಂದರು.

ಇಲ್ಲಿಂದ ಮುಂದಿನದು ಅತ್ತೆಯ ಕೆಲಸ. ಗೂಡಿನ ಮೇಲಿನ ನವಿರಾದ ಎಳೆ ಬೆರಳಿಗೆ ಅಂಟುತ್ತದೆ, ಅದು ಅವನಿಗೆ ಆಗದು. ಅತ್ತೆ ಬಲವಂತ ಮಾಡಲಿಲ್ಲ. ಹುಳು ಗೂಡು ಕಟ್ಟುವ ಚಂದ್ರಿಕೆಯ ಮುಂದೆ ಕೂತು ತಮ್ಮ ಪಾಡಿಗೆ ಬಿಡಿಸುತ್ತಾ ಒಂದೊಂದನ್ನು ಅವನ ಮಡಿಲಿಗೆ ಹಾಕುತ್ತಿದ್ದರು. ಅವನು ಬೀಳಿಸುತ್ತಿದ್ದ, ಅವರು ಮತ್ತೆ ಹಾಕುತ್ತಿದ್ದರು. ಮೂರನೆಯ ಬೆಳೆಯ ಹೊತ್ತಿಗೆ ಹೆಬ್ಬೆರಳು ತೋರುಬೆರಳಿನಿಂದ ತಾನೇ ಕಿತ್ತ. ಈಗ ಕಲೆಯಾದ ಗೂಡನ್ನು ಬೇರೆ ಹಾಕುವುದರಲ್ಲಿ ಅವನ ಅಪ್ಪನಿಗಿಂತ ಕಟ್ಟುನಿಟ್ಟು. ಓದು ಬರಹ ಅರಿಯದ ನಮ್ಮತ್ತೆಯನ್ನು ಮೇಡಂ ತಮ್ಮ ಸಹಾಯಕಿ ಎಂದೇ ಕರೆಯುತ್ತಾರೆ.

ಬಸ್ಸಿನ ಕಂಡಕ್ಟರ್ ಅಣ್ಣನನ್ನು ಮರೆಯುವಂತಿಲ್ಲ. ಸೀಟಿಯ ಸದ್ದಿಗೆ ಮಗು ಕಿರುಚುವುದನ್ನು ಕಂಡು, ನಾವಿದ್ದ ದಿನ ಸೀಟಿ ಊದದೆ ಬಸ್ಸಿನ ತಗಡು ತಟ್ಟಿ ಡ್ರೈವರ್‌ಗೆ ಸೂಚನೆ ಕೊಡುತ್ತಿದ್ದರು. ನಾವು ಕೇಳಿಕೊಂಡಿರಲಿಲ್ಲ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಲು ನಮ್ಮ ಜೊತೆ ಅಲೆದ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ಧನ್ಯವಾದ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಪಾಲಿದೆ ಎಂದು ನಮಗೆ ಗೊತ್ತಾದದ್ದು ಅವರಿಂದಲೇ.

ಥೆರಪಿ ಇನ್ನೂ ನಡೆಯುತ್ತಿದೆ, ಮಾತು ಇನ್ನೂ ಎರಡು ಮೂರು ಪದಗಳದ್ದೇ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಯಾರಿಗಾದರೂ ದೇವನಹಳ್ಳಿಯ ವಿಳಾಸ ಬೇಕಿದ್ದರೆ ಸಂಕೋಚವಿಲ್ಲದೆ ಕೇಳಿ. ವಿಜಯಪುರದ ಮೇಲೆ ಹೋಗುವ ಬಸ್ಸು ಹಿಡಿಯಿರಿ. ಬೆಳಗಿನದರಲ್ಲಿ ಕೂರಲು ಜಾಗ ಸಿಗುತ್ತದೆ.